ಟೀಚರಮ್ಮನ ಮಾತ್ರೆ

ಭಾನುವಾರ, ಮಾರ್ಚ್ ೯

ಪ್ರೀತಿಯ ಪುಟ್ಟೀ,

ನಿನ್ನ ಪತ್ರ ಬಂದು ವಾರವಾಯಿತು. ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಏನು ಬರೆಯಬೇಕೆಂದು ತೋಚದೆ ಪೆನ್ನು ಹಿಡಿದುಕೊಂಡು ಕೂತಿದ್ದೆ. ಅಳಿಯಂದಿರು, ಮಕ್ಕಳು ಚೆನ್ನಾಗಿದ್ದಾರೆ ತಾನೇ?

ನಿನ್ನ ಸಿಟ್ಟು ಅರ್ಥವಾಗುತ್ತದೆ. ಆದರೆ ನಮ್ಮ ನರ್ಸನ್ನು ಕೆಲಸದಿಂದ ತೆಗೆಯಲೇಬೇಕೆಂದು ಇಲ್ಲಿನ ಮ್ಯಾನೇಜರಿಗೆ ಬರೆಯುವ ಮುಂಚೆ ನನ್ನನ್ನೊಂದು ಮಾತು ಕೇಳಬಾರದಿತ್ತೇ? ಮಾತ್ರೆ ನುಂಗಿದವಳು ನಾನು.

ನಡೆದದ್ದು ಇಷ್ಟು. ಈ ವೃದ್ಧಾಶ್ರಮದಲ್ಲಿ ತಿಂಡಿಯ ಹೊತ್ತಿಗೆ ಮಾತ್ರೆಗಳನ್ನು ಪುಟ್ಟ ಬಟ್ಟಲಲ್ಲಿ ಹಾಕಿ ಅವರವರ ಕುರ್ಚಿಯ ಮುಂದೆ ಇಡುತ್ತಿದ್ದರು. ಅಂದು ಪಕ್ಕದ ರೂಮಿನ ಟೀಚರಮ್ಮನಿಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಇಬ್ಬರೂ ಜಾಗ ಬದಲಾಯಿಸಿಕೊಂಡೆವು. ನರ್ಸ್ ಕುರ್ಚಿ ನೋಡಿದಳು, ಮುಖ ನೋಡಲಿಲ್ಲ. ಟೀಚರಮ್ಮ ಬಟ್ಟಲನ್ನು ತಪ್ಪು ಲೆಕ್ಕ ನೋಡಿದಂತೆ ನೋಡಿ, ಇದು ನನ್ನದಲ್ಲ ಅಂದರು. ಅಷ್ಟರಲ್ಲಿ ಅವರ ಬೀಪಿ ಮಾತ್ರೆಯನ್ನು ನಾನು ಹರಟೆಯ ಭರದಲ್ಲಿ ಗುಟಕ್ಕನೆ ನುಂಗಿಯಾಗಿತ್ತು.

ಏನೂ ಆಗೋಲ್ಲ ಬಿಡಿ ಎಂದು ನಕ್ಕು ಆ ಹುಡುಗಿ ತೇಲಿಸಿಬಿಡಬಹುದಿತ್ತು. ಹಾಗೆ ಮಾಡದೆ, ಡಾಕ್ಟರಿಗೆ ಫೋನ್ ಮಾಡಿ ಬಂದು, ನನ್ನ ಕುರ್ಚಿಯ ಹತ್ತಿರ ಮಂಡಿಯೂರಿ ಕೂತಳು.

"ಅಮ್ಮಾ, ನಿಮಗೆ ತಪ್ಪು ಮಾತ್ರೆ ಕೊಟ್ಟುಬಿಟ್ಟೆ. ನನ್ನದೇ ತಪ್ಪು. ತಲೆ ಸುತ್ತಬಹುದು, ಹೆದರಬೇಡಿ. ನಾನು ಇಲ್ಲೇ ಇರ್ತೀನಿ."

ತಲೆ ಸುತ್ತಿದ್ದು ನಿಜ. ಡಾಕ್ಟರು ಹೇಳಿದಂತೆ ಕಾಲು ಎತ್ತರಿಸಿ ಮಲಗಿಸಿ, ಸಂಜೆವರೆಗೂ ಬೀಪಿ ನೋಡುತ್ತಲೇ ಇದ್ದಳು. ಮ್ಯಾನೇಜರಿಗೆ ತಾನೇ ಹೋಗಿ ಹೇಳಿದಳು. ನಿನಗೆ ಫೋನ್ ಮಾಡಿದವಳೂ ಅವಳೇ ಅಲ್ಲವೇ?

ಈಗ ಬಟ್ಟಲು ಇಡುವ ಪದ್ಧತಿಯೇ ನಿಂತಿದೆ. ಹೆಸರು ಕೇಳಿ, ಫೋಟೋ ನೋಡಿ, ಮಾತ್ರೆ ಕೈಗೇ ಕೊಡುತ್ತಾರೆ. ಟೀಚರಮ್ಮ ದಿನವೂ ಕೈಯೆತ್ತಿ "ಎಸ್ ಮಿಸ್" ಅನ್ನುತ್ತಾರೆ, ಊಟದ ಹಾಲ್ ಪೂರ್ತಿ ನಗುತ್ತದೆ.

ಒಪ್ಪಿಕೊಂಡದ್ದಕ್ಕೇ ಅವಳ ಕೆಲಸ ಹೋದರೆ, ಮುಂದೆ ಬರುವವಳು ಬಾಯಿ ಮುಚ್ಚಿಕೊಂಡಿರುವುದನ್ನೇ ಕಲಿಯುತ್ತಾಳೆ. ತಿಂಗಳ ಕೊನೆಗೆ ತೀರ್ಮಾನವಂತೆ. ಈ ಪತ್ರ ಸಿಕ್ಕ ಕೂಡಲೇ ಮ್ಯಾನೇಜರಿಗೆ ಫೋನ್ ಮಾಡಿ, ಅವಳು ಇರಲಿ ಅನ್ನು. ನಿನ್ನ ಮನಸ್ಸು ದೊಡ್ಡದೆಂದು ನನಗೆ ಗೊತ್ತು. ನಿನ್ನ ಮನೆ ತಣ್ಣಗಿರಲಿ, ಮಕ್ಕಳು ನಗುನಗುತ್ತಾ ಬೆಳೆಯಲಿ.

ನಿನ್ನ
ಅಮ್ಮ

ತಾ.ಕ.: ನನ್ನದೇ ತಪ್ಪು ಎಂದು ಅವಳು ಹೇಳಿದಾಗ ನಾನು ಬಿಕ್ಕಿ ಬಿಕ್ಕಿ ಅತ್ತೆ. ಹೆದರಿದ್ದೇನೆ ಅಂದುಕೊಂಡಳು, ಪಾಪ. ನಿನಗೂ ಒಂದು ವಿಷಯ ಹೇಳಿರಲಿಲ್ಲ ಮಗಳೇ. ಸಂಜೆ ಮನೆಗೆ ಕಳಿಸುತ್ತೇವೆ ಎಂದಿದ್ದ ಆಸ್ಪತ್ರೆಯಲ್ಲಿ, ಮಧ್ಯಾಹ್ನ ಒಂದು ಇಂಜೆಕ್ಷನ್ ಆದಮೇಲೆ ನಿಮ್ಮಪ್ಪ ಕಣ್ಣು ಬಿಡಲಿಲ್ಲ. ಏನು ಕೊಟ್ಟಿರಿ ಎಂದು ಎಲ್ಲರನ್ನೂ ಕೇಳಿದೆ. ಒಬ್ಬೊಬ್ಬರೂ ನೆಲ ನೋಡಿದರು. ಒಬ್ಬರಾದರೂ ನನ್ನ ಮುಖ ನೋಡಿ ತಪ್ಪಾಯಿತೆಂದು ಹೇಳಲಿ ಎಂದು ಇಷ್ಟು ವರ್ಷ ಕಾದಿದ್ದೆ, ಕೊನೆಗೆ ಹೇಳಿದವಳು ಈ ಹುಡುಗಿ.