ಮೊದಲು ಸದ್ದು, ಆಮೇಲೆ ಚಿತ್ರ

ಫೆಬ್ರವರಿ ೧೧, ಬೆಳಿಗ್ಗೆ

ತಿಂಡಿ, ಮಾತ್ರೆ, ಕಣ್ಣಿಗೆ ಹನಿ, ಪುನಃ ಬೋರಲು. ಬಲಗಣ್ಣಿನ ಒಳಪರದೆ ಕಿತ್ತು ಬಂದಿತ್ತು. ಆಪರೇಷನ್ ಮಾಡಿ ಅಂಟಿಸಿ, ಒಳಗೊಂದು ಗಾಳಿಗುಳ್ಳೆ ಬಿಟ್ಟಿದ್ದಾರೆ. ಗುಳ್ಳೆ ಪರದೆಯನ್ನು ಒತ್ತಿ ಹಿಡಿಯಬೇಕಾದರೆ ನಾನು ನೆಲ ನೋಡುತ್ತಲೇ ಇರಬೇಕು. ಡಾಕ್ಟರಮ್ಮನದು ಒಂದೇ ಮಂತ್ರ: "ತಲೆ ಎತ್ಬೇಡಿ."

ಡ್ರೈವಿಂಗ್ ಕಲಿಸುವವಳು ನಾನು. "ತಲೆ ಎತ್ತಿ, ರಸ್ತೆ ನೋಡಿ" ಎಂದು ದಿನವಿಡೀ ಅರಚುತ್ತಿದ್ದ ಬಾಯಿಗೆ ತಕ್ಕ ಶಾಸ್ತಿ.

ಮಂಚದ ಅಂಚಿನಲ್ಲಿ ಹಣೆ. ಕೆಳಗೆ ನೆಲದ ಮೇಲೆ ಈ ಪುಸ್ತಕ, ಪಕ್ಕದಲ್ಲಿ ಮೊಬೈಲ್. ಅಕ್ಷರವೆಲ್ಲ ಕಾಗೆ ಕಾಲು, ಗುಬ್ಬಿ ಕಾಲು. ಕಣ್ಣು ಬರದಿದ್ದರೆ ಲೈಸೆನ್ಸ್ ಇಲ್ಲ, ಕಾರಿಲ್ಲ, ಕೆಲಸವಿಲ್ಲ. ಬರೆದುಕೊಂಡರೆ ಭಯ ಇಳಿಯುತ್ತದಂತೆ... ಇಳಿಯಲಿಲ್ಲ.

ಅದೇ ದಿನ, ಸಂಜೆ

ನಾದಿನಿ ನನ್ನ ಮೊಬೈಲಿಗೆ ಒಂದು ಪ್ಲೇಯರ್ ಆ್ಯಪ್ ಹಾಕಿದಳು.

"ಸಿನಿಮಾ ಎಲ್ಲ ಹಾಲ್‌ನಲ್ಲಿರೋ ಕಂಪ್ಯೂಟರಲ್ಲಿದೆ ಅತ್ತಿಗೆ. ನಮ್ಮನೆ ವೈಫೈ ಅದನ್ನ ಇಲ್ಲಿಗೆ ಹೊತ್ಕೊಂಡು ಬರುತ್ತೆ. ನೀನು ಮಲಗಿದ್ದಲ್ಲೇ ಮಹಾರಾಣಿ."

"ಮಹಾರಾಣೀರು ಹೀಗೆ ಕಪ್ಪೆ ಥರ ಮಲಗ್ತಾರಾ?"

ಸಮುದ್ರದ ಸಿನಿಮಾ ಹಚ್ಚಿದೆ. ಮಾತಿಲ್ಲ, ಬರೀ ನೀರು, ಮೀನು. ಅದೂ ಕೆಳಗೆ, ನೆಲದೊಳಗೆ. ಬಾವಿಕಟ್ಟೆಯಿಂದ ಬಗ್ಗಿ ನೋಡಿದ ಹಾಗೆ. ಜೊಂಪು ಹತ್ತಿತು... ಎಚ್ಚರವಾದಾಗಲೂ ಮೀನು ಹೋಗುತ್ತಲೇ ಇದ್ದವು. ಕನಸು ಎಲ್ಲಿ ನಿಂತಿತೋ ತಿಳಿಯಲಿಲ್ಲ.

ಫೆಬ್ರವರಿ ೧೩, ರಾತ್ರಿ

ಈಗ ನನಗೆ ಎಲ್ಲರೂ ಬರೀ ಪಾದಗಳು. ನಾದಿನಿಯವು ಓಡುತ್ತವೆ. ಇವರವು ಬಂದು ಬಾಗಿಲಲ್ಲಿ ನಿಲ್ಲುತ್ತವೆ.

"ಏನ್ರೀ?"

"ಏನಿಲ್ಲ."

ಹೋಗುತ್ತವೆ. ಮೊದಲೇ ಮಾತಾಡಿದರೆ ಮುತ್ತು ಉದುರೀತು ಎನ್ನುವ ಗಂಡ. ಮುಖವೂ ಕಾಣದಿದ್ದರೆ ಇವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? ಕೆಲಸಕ್ಕೆ ಬಾರದ ಹೆಂಡತಿಯಾದೆ ಎಂದೇನಾದರೂ... ಇದನ್ನು ಹೊಡೆದುಹಾಕಬೇಕು.

"ನಿಮ್ಮಣ್ಣನ ಮುಖವೇ ಮರೆತುಹೋಗಿದೆ ಕಣೇ" ಎಂದೆ ನಾದಿನಿಗೆ.

ಸಂಜೆಯೊಳಗೆ ಅಡುಗೆಮನೆಯ ಶೆಲ್ಫಿನ ಮೇಲೆ ಅವಳ ಹಳೇ ಫೋನು ಕೂತಿತು. ಅದರ ಕ್ಯಾಮೆರಾ ಕಂಡದ್ದು ನನ್ನ ಆ್ಯಪಿಗೆ ಬರುತ್ತದೆ. ಊಟದ ಮೇಜು, ನೀರಿನ ಜಗ್, ಇವರು! ಗಡ್ಡ ಬಿಟ್ಟಿದ್ದಾರೆ. ಶೆಲ್ಫಿನತ್ತ ನಾಚಿಕೊಂಡು ಕೈ ಬೀಸಿದರು. ಮದುವೆಯ ದಿನವೂ ಇಷ್ಟು ನಾಚಿರಲಿಲ್ಲ.

ಚಿತ್ರ ತಡವಾಗಿ ಬರುತ್ತದೆ. ಗೋಡೆಯಾಚೆ ನಗು ಕೇಳಿಸಿ, ನಿಂತು, ಎಷ್ಟೋ ಹೊತ್ತಿಗೆ ಫೋನಿನಲ್ಲಿ ಬಾಯಿಗಳು ಸದ್ದಿಲ್ಲದೆ ತೆರೆಯುತ್ತವೆ. ಆದದ್ದೆಲ್ಲ ನನಗಾಗಿ ಇನ್ನೊಂದು ಸಲ ಆಗುತ್ತದೆ. ಹಿತವಾಗಿದೆ.

ಫೆಬ್ರವರಿ ೧೬, ಮಧ್ಯಾಹ್ನ

ನಾದಿನಿ ಆಫೀಸಿನಲ್ಲಿ. ಅಡುಗೆಮನೆಯಲ್ಲಿ ಠಣ್ ಎಂದು ಲೋಟ ಬಿತ್ತು. ನೀರು ಚೆಲ್ಲಿದ ಸದ್ದು.

"ಏನ್ರೀ ಅದು?"

"ಏನಿಲ್ಲ... ಬೆಕ್ಕು."

ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

ಫೋನ್ ನೋಡಿದೆ. ಅದರಲ್ಲಿ ಲೋಟ ಇನ್ನೂ ಬಿದ್ದಿರಲಿಲ್ಲ. ಇವರು ಬಲಗಣ್ಣಿನ ಮೇಲೆ ಕರ್ಚೀಫು ಬಿಗಿದುಕೊಂಡು ನಿಂತಿದ್ದರು. ಜಗ್ ಎತ್ತಿದರು. ಲೋಟ ಇದೆ ಎಂದುಕೊಂಡ ಜಾಗಕ್ಕೆ ಬಗ್ಗಿಸಿದರು. ನೀರು ಪಕ್ಕಕ್ಕೆ ಹೋಯಿತು. ಗಾಬರಿಯಲ್ಲಿ ಕೈ ತಗುಲಿ ಲೋಟ ಉರುಳಿತು. ಗೋಡೆಯ ಕಡೆ ತಿರುಗಿದರು. ತುಟಿ ಅಲುಗಿತು — ಬೆಕ್ಕು ಎನ್ನುವಷ್ಟೇ.

ಮೇಜು ಒರಸಿದರು. ಕರ್ಚೀಫನ್ನು ಇನ್ನೂ ಬಿಗಿಯಾಗಿ ಕಟ್ಟಿ, ಮತ್ತೆ ಜಗ್ ಎತ್ತಿಕೊಂಡರು.

ನನಗೆ ಮುಂದೆ ಹೇಗಾಗಬಹುದೆಂದು ಕಲಿಯುತ್ತಿದ್ದಾರೆ. ಕ್ಯಾಮೆರಾ ಇರುವುದನ್ನು ಮರೆತಿದ್ದಾರೆ.

ಮೊದಲು ಸಿಟ್ಟು ಬಂತು, ಆಗಲೇ ನನ್ನನ್ನು ಒಕ್ಕಣ್ಣಿ ಮಾಡಿಬಿಟ್ಟರಲ್ಲ ಎಂದು. ಆಮೇಲೆ ಅಳು. ಬೋರಲು ಮಲಗಿ ಅತ್ತರೆ ಕೆನ್ನೆ ಒದ್ದೆಯಾಗುವುದಿಲ್ಲ, ನೇರ ಪುಸ್ತಕಕ್ಕೆ. ಮೇಲಿನ ಸಾಲು ಕದಡಿದ್ದು ಅದಕ್ಕೇ.

ಫೆಬ್ರವರಿ ೧೮

ಕನಸು. ಇವರು ಕಣ್ಣಿಗೆ ಕರ್ಚೀಫು ಕಟ್ಟಿಕೊಂಡು ಸಮುದ್ರದ ತಳದಲ್ಲಿ ನಡೆಯುತ್ತಿದ್ದರು. ಕೈಯಲ್ಲಿ ತುಂಬಿದ ಜಗ್. ಸುತ್ತ ಮೀನು. ಒಂದು ಹನಿಯೂ ಚೆಲ್ಲುತ್ತಿಲ್ಲ. "ಸಮುದ್ರದಲ್ಲಿ ನೀರು ಹೊತ್ಕೊಂಡು ಎಲ್ಲಿಗ್ರೀ?" ಎಂದೆ. ಉತ್ತರ ತಡವಾಗಿ ಬರುತ್ತದೆ ಎಂದು ಕಾಯುತ್ತಲೇ ಇದ್ದೆ...

ಫೆಬ್ರವರಿ ೨೪

ಆಸ್ಪತ್ರೆ. ತಲೆ ಎತ್ತಬಹುದು! ಪರದೆ ಅಂಟಿದೆ. ನೋಟ ಎಷ್ಟು ಬರುತ್ತದೋ ಕಾಯಬೇಕು. ಗುಳ್ಳೆ ಕರಗುತ್ತಿದೆ: ಬಲಗಣ್ಣಿಗೆ ಲೋಕವೇ ಒಂದು ತೊಟ್ಟಿ, ನಡುವೆ ಗೆರೆ. ಗೆರೆಯ ಮೇಲೆ ತಿಳಿ, ಕೆಳಗೆ ಎಲ್ಲ ತೂಗಾಟ. ಸದ್ಯಕ್ಕೆ ಇವರ ತಲೆಗೂದಲು ಮಾತ್ರ ಮೇಲಿದೆ.

ಬೆಕ್ಕಿನ ಸುದ್ದಿ ನಾನೂ ಎತ್ತಲಿಲ್ಲ.

ಫೆಬ್ರವರಿ ೨೮, ಊಟದ ಮೇಜು

ಇಲ್ಲೇ ಕೂತು ಬರೆಯುತ್ತಿದ್ದೇನೆ. ಈಗಷ್ಟೇ ಆದದ್ದು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಬರೀ ಬಲಗಣ್ಣಿನಲ್ಲಿ, ಇವರ ಲೋಟಕ್ಕೆ ನೀರು ಬಗ್ಗಿಸಿದೆ. ಅರ್ಧ ಒಳಗೆ, ಅರ್ಧ ಮೇಜಿಗೆ.

"ಏನೇ ಇದು?"

"ಏನಿಲ್ಲ, ಬೆಕ್ಕು."

ಇವರು ಮೆಲ್ಲನೆ ತಲೆ ಎತ್ತಿ ಶೆಲ್ಫಿನ ಮೇಲಿನ ಫೋನ್ ನೋಡಿದರು. ಮೇಜಿನ ಮೇಲಿದ್ದ ನನ್ನ ಮೊಬೈಲಿನಲ್ಲಿ ಇವರಿಗಿನ್ನೂ ಏನೂ ಗೊತ್ತಾಗಿರಲಿಲ್ಲ, ನೀರೂ ಜಗ್ಗಿನಲ್ಲೇ ಇತ್ತು.

ನಾನು ಅಂಗೈ ತೆಗೆಯಲಿಲ್ಲ. ಗೆರೆ ಇವರ ಮೂಗಿನ ತನಕ ಇಳಿದಿತ್ತು. ಬಾಯಿ ಇನ್ನೂ ನೀರೊಳಗೆ. ಮೇಲೆ, ತಿಳಿಯಾಗಿ, ಎರಡೂ ಕಣ್ಣು.

"ಕಾಣ್ತಿದೆಯಾ?"

"ಕಾಣ್ತಿದೆ."

ಒರಸಲು ಬಟ್ಟೆ ತಂದರು. ಮೇಜು ಬಿಟ್ಟು ಮೊದಲು ತಮ್ಮ ಕಣ್ಣು ಒರಸಿಕೊಂಡರು.