ಹದ್ದಿನ ಕೊಕ್ಕಿನ ಕಡ್ಡಿ

ಮಾರ್ಚ್ ಏಳು, ಗುರುವಾರ.

ಆ ಹದ್ದಿನ ಕೊಕ್ಕಿನಲ್ಲಿದ್ದ ಕಡ್ಡಿ ಕಣ್ಣಿಂದ ಹೋಗುತ್ತಿಲ್ಲ.

ಪ್ರತಿ ವರ್ಷ ಆ ಹದ್ದುಗಳು ಗಂಡ ಹೆಂಡತಿ ಕಲ್ಲು ಕ್ವಾರಿಯ ಮೇಲಿನ ಬಂಡೆಯ ಸಂದಿಯಲ್ಲೇ ಗೂಡು ಕಟ್ಟುತ್ತಿದ್ದವು. ಈ ಸಲ ಆ ಬಂಡೆಯನ್ನೂ ಸಿಡಿಸುತ್ತಾರಂತೆ. ಹಕ್ಕಿಗೆ ತೊಂದರೆಯಾಗಬಾರದೆಂದು, ಗೂಡು ಕಟ್ಟುವ ಮೊದಲೇ ಬಂಡೆಗೆಲ್ಲ ಬಲೆ ಹೊದಿಸಿದ್ದಾರೆ. ಹಗ್ಗಕ್ಕೆ ಜೋತುಬಿದ್ದು ಹೊದಿಸಿದವನು ನಾನು ಹೆತ್ತ ಮಹಾರಾಯನೇ.

ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. "ಏನಪ್ಪಾ, ಹಕ್ಕಿ ಕಾಪಾಡೋದು ಅಂದ್ರೆ ಅದರ ಮನೆಗೆ ಬೀಗ ಹಾಕೋದಾ?"

"ಮೊಟ್ಟೆ ಇಟ್ಟ ಮೇಲೆ ಸಿಡಿಸಿದ್ರೆ ಚೆನ್ನಾಗಿರುತ್ತಾ ಅಮ್ಮ? ಬೇರೆ ಕಡೆ ಕಟ್ಕೊಳ್ಳುತ್ತೆ ಬಿಡು."

"ಎಲ್ಲಿ, ನಿನ್ನ ತಲೆ ಮೇಲಾ? ಉಳಿದ ಬಂಡೆಯೆಲ್ಲ ಜಲ್ಲಿಯಾಗಿ ಲಾರಿ ಹತ್ತಿತಲ್ಲೋ!"

ಅವನು ನಗಲಿಲ್ಲ. ತಟ್ಟೆ ನೋಡುತ್ತಾ, "ಹಳೇ ಗೂಡು ನಾನೇ ಕಿತ್ತೆ. ಒಳಗೆ ನಿನ್ನ ಕೆಂಪು ಒರಸುಬಟ್ಟೆ ಇತ್ತು" ಅಂದ.

ಹೋದ ವರ್ಷ ಬಟ್ಟೆ ಒಣಹಾಕುವ ತಂತಿಯ ಮೇಲಿಂದ ಕಾಣೆಯಾದದ್ದು! ಮರಿಗಳಿಗೆ ಹಾಸಿಗೆಯಾಗಿತ್ತಂತೆ.

ಮಗ ಹೇಳಿದ್ದು ಸುಳ್ಳಲ್ಲ. ಒಂದು ಮೊಟ್ಟೆಯೂ ಒಡೆಯುವುದಿಲ್ಲ. ಆದರೆ ಕತ್ತಲಾಗುವವರೆಗೂ ಆ ಹದ್ದು ಕಡ್ಡಿ ಕಚ್ಚಿಕೊಂಡು ಬಲೆಯ ಮುಂದೆ ಸುತ್ತುತ್ತಲೇ ಇತ್ತು, ಕೆಳಗೂ ಹಾಕಲಿಲ್ಲ.

ಇವತ್ತು ತಂತಿಯ ಮೇಲಿನ ಬಟ್ಟೆ ಒಳಗೆ ತಂದಿಲ್ಲ. ಬೇಕಾದರೆ ಒಯ್ಯಲಿ. ಒಯ್ದರೂ ಪಾಪ, ಎಲ್ಲಿ ಹಾಸುತ್ತದೋ.