ಅತ್ತೆಯ ಜೊತೆ ಹಕ್ಕಿಗಳ ದ್ವೀಪಕ್ಕೆ

ರೀ,

ಎದ್ದವರೇ ನಿಮ್ಮಮ್ಮನನ್ನು ಹುಡುಕಬೇಡಿ, ನನ್ನ ಜೊತೆಗಿದ್ದಾರೆ. ಮೊದಲ ಬಸ್ಸಿಗೆ ಕಡಲ ತೀರಕ್ಕೆ ಹೊರಟಿದ್ದೇವೆ. ನಾಳೆ ಅಲ್ಲಿಂದ ದೋಣಿಯಲ್ಲಿ ಹಕ್ಕಿಗಳ ದ್ವೀಪಕ್ಕೆ ಹೋಗುತ್ತೇವೆ.

ತಿಂಡಿ ಮುಚ್ಚಿಟ್ಟಿದ್ದೇನೆ. ನಲ್ಲಿ ರಿಪೇರಿಯವನು ಬಂದರೆ ಬಾಗಿಲು ತೆಗೆಯಿರಿ, ಮತ್ತೆ ವಾಪಸ್ ಕಳಿಸಬೇಡಿ.

ಅತ್ತೆ ದ್ವೀಪದ ಮಾತೆತ್ತಿದಾಗಲೆಲ್ಲ ನೀವು ಮುಂದಿನ ಬೇಸಿಗೆಗೆ ಹೋದರಾಯಿತು ಅಂದಿರಿ. ನಿನ್ನೆ ಕಣ್ಣಿನ ಡಾಕ್ಟರು, ಅತ್ತೆಗೆ ಆಪರೇಷನ್ ಮಾಡಿದರೂ ಪ್ರಯೋಜನವಿಲ್ಲ, ಇರುವ ದೃಷ್ಟಿಯೂ ಬೇಗ ಹೋಗುತ್ತದೆ ಎಂದರು. ನಿಮಗೆ ಹೇಳಲು ಅತ್ತೆ ಬಿಡಲಿಲ್ಲ. ಮನೆಗೆ ಬಂದು ಬೈನಾಕ್ಯುಲರ್ ಒರೆಸುತ್ತಾ, "ಕಡಲಹಕ್ಕಿ ಮರಿಗೆ ಮೀನು ತಿನ್ಸೋದನ್ನ ಒಂದ್ಸಲ ನೋಡ್ಬೇಕಿತ್ತು ಕಣೇ" ಅಂದರು. ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

"ನಾಳೆನೇ ಹೋಗೋಣ ಅತ್ತೆ" ಅಂದೆ.

"ಅವನು ಬೈತಾನೆ" ಅಂದರು. ಅನ್ನುತ್ತಲೇ ಬಟ್ಟೆ ಮಡಚತೊಡಗಿದರು.

ಅವರ ಬಿಪಿ ಮಾತ್ರೆ, ಸ್ವೆಟರ್ ಎಲ್ಲ ಇಟ್ಟುಕೊಂಡಿದ್ದೇನೆ. ಫೋನ್ ಮಾಡಿ ಉಪದೇಶ ಮಾಡಬೇಡಿ, ಬಸ್ಸಿನಲ್ಲಿ ನನಗೆ ಅಳು ಬಂದರೆ, ನಿಮಗೆ ಹೇಳಿಬಿಟ್ಟಿದ್ದೇನೆ ಅಂತ ಅವರಿಗೆ ಗೊತ್ತಾಗುತ್ತದೆ.

ಸಂಜೆ ಇನ್ನೊಂದು ಬಸ್ಸಿದೆ. ದೋಣಿಯವನಿಗೆ ಮೂರು ಜನ ಎಂದೇ ಹೇಳಿದ್ದೇನೆ.